ಹಗ್ಗದ ಬದಿ

ಬೀಬಿ ಅಲಾಬಿ ರಸ್ತೆ, ಒಣಮೆಣಸಿನ ಗೋದಾಮಿನ ಮೇಲಿನ ಮಾಳಿಗೆ.
ಸೀನುತ್ತ ಸೀನುತ್ತ ನಾವು
ದೇಶಗಳನ್ನು ಹೊಲಿಯುತ್ತಿದ್ದೆವು.

ಹೊಲಿಯುವವ ಹಮ್ಮಬ್ಬ. ನನ್ನದು
ತೂತಿಗೆ ಹಿತ್ತಾಳೆ ಬಳೆ ಬಡಿಯುವುದು, ನೂಲು ಕತ್ತರಿಸುವುದು,
ದಿನಕ್ಕೆ ಹದಿನಾಲ್ಕು ರೂಪಾಯಿ, ಎರಡು ಚಾ.
ಪಣಂಬೂರಿಗೆ ಬಂದ ಹಡಗು
ಮುಂದೆ ಯಾವ ಬಂದರಿಗೆ ಹೋಗುವುದೋ
ಆ ದೇಶದ ಬಾವುಟ ಇಟ್ಟುಕೊಂಡೇ ಹೊರಡಬೇಕಂತೆ.
ನೆಂಟರ ಮನೆಗೆ ಬರಿಗೈಲಿ ಹೋಗಲಿಕ್ಕುಂಟಾ, ಎನ್ನುತ್ತಿದ್ದ.
ಕೆಳಗೆ ಮಲ್ಯರ ಫೋನು ಬಡಿದುಕೊಳ್ಳುತ್ತಿತ್ತು,
ಮರದ ಏಣಿಯಲ್ಲಿ ಚೀಟಿ ಹತ್ತಿ ಬರುತ್ತಿತ್ತು:
ಎರಡು ಮೊಳ, ಮೂರು ಬಣ್ಣ, ನಾಳೆ ಬೆಳಿಗ್ಗೆ.

ಲೋಕದಲ್ಲಿ ದೇಶ ಇನ್ನೂರು,
ಕಪಾಟಿನಲ್ಲಿ ಬಣ್ಣ ಏಳೋ ಎಂಟೋ.
ಕೆಂಪು ಮೇಲೆ, ಬಿಳಿ ಕೆಳಗೆ: ಕಲ್ಲಿದ್ದಲು ತರುವ ಇಂಡೋನೇಷ್ಯಾ.
ತಲೆಕೆಳಗು ಹಿಡಿದರೆ ಪೋಲೆಂಡು.
ಕೊಂಚ ಗಿಡ್ಡ ಮಾಡಿದರೆ ಮೊನಾಕೊ.
ಅದೆಂತದು ಅಂದರೆ,
ನಮ್ಮ ಬೆಂಗ್ರೆಯಷ್ಟೂ ಇಲ್ಲವಂತೆ ಮಾರಾಯ್ತಿ, ಆದರೂ ಬಾವುಟ ಉಂಟು.
ಇನ್ನು ಕೆಂಪು ಬಿಳಿ ನೀಲಿಯ ಲೆಕ್ಕವೇ ಬೇಡ,
ಒಂದೇ ಥಾನಿನಲ್ಲಿ ಅಂಗಿ ಹೊಲಿಸಿದ ಅಣ್ಣತಮ್ಮಂದಿರು.

ಒಂದು ಶನಿವಾರ ಕಿತ್ತಳೆ, ಬಿಳಿ, ಹಸಿರು.
ನಮ್ಮದೇ ಬಣ್ಣ; ಚಕ್ರ ಇಲ್ಲ,
ಮಲಗಿದ್ದು ಎದ್ದು ನಿಂತಿದೆ, ಅಷ್ಟೆ.
ಸಂಜೆ ಹಡಗಿನವನೊಬ್ಬ ಏಣಿ ಮುರಿಯುವ ಹಾಗೆ ಹತ್ತಿ ಬಂದ:
ಇದು ಐರ್ಲೆಂಡು! ನಾವು ಹೋಗುವುದು ಅಬಿಜಾನಿಗೆ!
ಹಮ್ಮಬ್ಬ ಬ್ಲೇಡು ತೆಗೆದ.
ಹಸಿರಿನ ಬದಿಯ ಹಗ್ಗ ಬಿಚ್ಚಿ
ಕಿತ್ತಳೆಯ ಬದಿಗೆ ಹೊಲಿದ.
ಮೆಶಿನು ಟರ್ರೆಂದದ್ದು ನಾಲ್ಕು ಸೀನಿನಷ್ಟು ಹೊತ್ತು.
ಆಯ್ತು, ದೇಶ ಬದಲಾಯ್ತು. ಚಾ ಕುಡಿತೀರಾ?

ಮಲ್ಯರು ಎರಡು ಬಾವುಟದ ಬಿಲ್ಲು ಬರೆದರು.
ಹಮ್ಮಬ್ಬ ಏಣಿಯ ಮೇಲಿಂದಲೇ ಜಗಳಕ್ಕೆ ನಿಂತ:
ಬಟ್ಟೆ ಅದೇ, ಹಗ್ಗ ಮಾತ್ರ ಆಚೆ ಹೋದದ್ದು,
ಹನ್ನೊಂದು ರೂಪಾಯಿ ಬರೀರಿ ಸ್ವಾಮಿ.

ಹೊಯಿಗೆ ಬಜಾರಿಗೆ ನಡೆದು ಹೋಗುವಾಗ ಯೋಚಿಸಿದೆ,
ಶಾಲೆಯಲ್ಲಿ ಕತ್ತೆತ್ತಿ ನಿಂತ ಅಷ್ಟು ವರ್ಷ
ಬಟ್ಟೆ ನೋಡಿದ್ದೇ ಹೊರತು ಹಗ್ಗ ನೋಡಿದವರು ಯಾರು?

ಈಗ ಹೇಳಬಹುದು. ಹಮ್ಮಬ್ಬ ಇಲ್ಲ,
ಮಲ್ಯರ ಅಂಗಡಿಯಲ್ಲಿ ಮೊಬೈಲಿನ ಕವರು ಮಾರುತ್ತಾರೆ.
ಅವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು.
ಕೆಂಪು ಹಸಿರು ಗೊತ್ತಾಗುತ್ತಿತ್ತು, ನೀಲಿಗಳು ಮಾತ್ರ ಎಲ್ಲ ಒಂದೇ.
ಹಿಲ್ಡಾ, ಇದರಲ್ಲಿ ತಿಳಿ ಯಾವುದು, ಕಡು ಯಾವುದು?
ನಾನು ಬೆರಳಿಡುತ್ತಿದ್ದೆ, ಅವನು ಹೊಲಿಯುತ್ತಿದ್ದ.
ಈ ಸಂಗತಿ ಏಣಿ ಇಳಿದು ಹೋಗಿರಲಿಲ್ಲ.

ನೀಲಿ ಹಳದಿ ಕೆಂಪು: ಚೀಟಿಯಲ್ಲಿ ರೊಮೇನಿಯಾ.
ಗೋಡೆಯ ಪಟದಲ್ಲಿ ಅದೇ ನೀಲಿ ಹಳದಿ ಕೆಂಪು: ಚಾಡ್.
ಹಗ್ಗವೂ ಅದೇ ಬದಿಗೆ.
ನೀಲಿ ಮಾತ್ರ ಒಂದು ಮುಳುಗು ಹೆಚ್ಚು ಕಂಡ ಹಾಗೆ.
ಚಾಡಿಗೆಂದು ಒಂದು ಚೀಟಿಯೂ ಬಂದದ್ದಿಲ್ಲ;
ತಮ್ಮನ ಭೂಪಟದಲ್ಲಿ ಹುಡುಕಿದ್ದೆ: ಸುತ್ತ ನೆಲ, ಮತ್ತೆ ನೆಲ, ಮರಳು.
ಕಡಲಿಲ್ಲದ ಊರಿಗೆ ಹಡಗು ಯಾಕೆ ಹೋಗುತ್ತದೆ?

ಆ ದಿನ ಕರೆಂಟಿರಲಿಲ್ಲ, ಘಾಟಿಗೆ ಕಣ್ಣುರಿ.
ನನ್ನ ಬೆರಳು ಬಿದ್ದದ್ದು ಕಡುನೀಲಿಯ ಮೇಲೆ.
ತಪ್ಪಿ ಬಿತ್ತು.
ಹಾಗೆಂದೇ ಪಾದ್ರಿಯವರಿಗೂ ಹೇಳಿದ್ದು.
ಹಮ್ಮಬ್ಬ ಹೊಲಿದು ಮುಗಿಸಿ ಕಿಟಕಿಯ ಬೆಳಕಿಗೆ ಹಿಡಿದ,
ತುಂಬ ಹೊತ್ತು ಹಿಡಿದೇ ಇದ್ದ.
ಸರಿಯುಂಟಲ್ಲ?
ಸರಿಯುಂಟು.

ಹಡಗು ಹೋಯಿತು. ಯಾರೂ ಏಣಿ ಹತ್ತಿ ಬರಲಿಲ್ಲ.
ಅರಬ್ಬಿ ಕಡಲು, ಕೆಂಪು ಕಡಲು, ಕಾಲುವೆ, ಕಪ್ಪು ಕಡಲು,
ಅಷ್ಟು ದಿನ ಪೆಟ್ಟಿಗೆಯೊಳಗೆ ಮೆಣಸಿನ ವಾಸನೆಯಲ್ಲಿ ಮಡಿಚಿ ಮಲಗಿ
ಒಂದು ಬೆಳಿಗ್ಗೆ ಯಾವುದೋ ಅಳಿವೆಯ ಬಾಯಲ್ಲಿ
ಅದು ಹಗ್ಗ ಹಿಡಿದು ಮೇಲೇರಿರಬೇಕು,
ಕೆಳಗೆ ನೋಡಿರಬೇಕು.

ಇಷ್ಟೊಂದು ನೀರು.