ತೊಂಬತ್ತೇಳು

ಟಕ್ ಅಂತ ಕೇಳಿಸಿದ್ದು ನನಗೊಬ್ಬಳಿಗೇ.
ಬೋನಸ್ ಗೆರೆಯ ಹತ್ತಿರ ಕಾಲೂರಿ ತಿರುಗಿದ್ದೆ,
ಮೈ ತಿರುಗಿತು, ಮಂಡಿ ತಿರುಗಲಿಲ್ಲ.
ದಮ್ಮು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತಲೇ
ಮರಳಲ್ಲಿ ಬಿದ್ದಿದ್ದೆನಂತೆ.

ಹುಬ್ಬಳ್ಳಿಯಲ್ಲಿ ಆಪರೇಷನ್. ನನ್ನದೇ ತೊಡೆಯಿಂದ
ನಾರೊಂದು ತೆಗೆದು ಮಂಡಿಯೊಳಗೆ ಕಟ್ಟಿದರು.
ಬೈತಖೋಲದ ಚಂದ್ರಾವತಿ ಅತ್ತೆ ನೋಡಲು ಬಂದವಳು
"ಬಲೆ ಹೆಣೆದ ಹಾಗೇ ಅಲ್ವನೇ,
ಗಂಟು ಬಿಗಿದರೆ ಮರುದಿನವೇ ನೀರಿಗೆ" ಅಂದಳು.

ಬೆನಿಟಾ ಮೇಡಂ ನಕ್ಕರು. ಬಲೆಯ ಲೆಕ್ಕ ಬೇರೆ.
ಕಟ್ಟಿದ ನಾರು ಮೊದಲು ಮೆತ್ತಗಾಗುತ್ತದೆ,
ಎರಡನೇ ತಿಂಗಳು, ಮೂರನೇ ತಿಂಗಳು,
ನೋವು ನಿಂತು ಓಡೋಣ ಅನಿಸುವ ಹೊತ್ತಿಗೇ
ಒಳಗೆ ಅದು ತೀರಾ ಬಡಕಲು.
ಆಗ ನಿನ್ನ ಮಾತು ನೀನು ಕೇಳಬೇಡ.

ಮಂಡಿಯಡಿ ಸುತ್ತಿದ ಟವೆಲ್, ಒತ್ತು, ಹತ್ತು ಎಣಿಸು, ಬಿಡು.
ಹಿಮ್ಮಡಿಗೆ ಪ್ಲಾಸ್ಟಿಕ್ ಕೊಟ್ಟೆ ಸಿಕ್ಕಿಸಿ
ನೆಲದ ಮೇಲೆ ಜಾರಿಸು, ನಿನ್ನೆಗಿಂತ ಒಂದು ಬೆರಳು ಹತ್ತಿರ.
ಕಕ್ಕಸಿಗೆ ಅಪ್ಪ ತಳ ಕೊರೆದುಕೊಟ್ಟ ಕುರ್ಚಿ.
ಅವ್ವ ಕುಕ್ಕರುಗಾಲಲ್ಲಿ ಕೂತು ಮೀನು ಹೆಚ್ಚುವಾಗ
ನನಗೆ ಹೊಟ್ಟೆಕಿಚ್ಚು.
ತೊಡೆ ಸೊರಗಿ ಸೊರಗಿ, ಎಡಗಾಲು ನನ್ನದು,
ಬಲಗಾಲು ಯಾರದೋ ಕಿರಿಯ ತಂಗಿಯದು.

ಮೂರನೇ ತಿಂಗಳ ಕೊನೆಗೆ ನೋವು ನಿಂತೇಹೋಯಿತು.
ಆ ರಾತ್ರಿ ಹೆದರಿಕೆಯಾಯಿತು.

ಏಳನೇ ತಿಂಗಳು, ಮಾಜಾಳಿಯ ದಂಡೆ, ಇಳಿತದ ಹೊತ್ತು.
ಒದ್ದೆ ಮರಳು ಗಾರೆಯಷ್ಟು ಗಟ್ಟಿ.
ಒಂಟಿಕಾಲಲ್ಲಿ ಒಂದೇ ನೆಗೆತ, ಬಿದ್ದಲ್ಲಿ ಅಲುಗದೆ ನಿಲ್ಲಬೇಕು.
ತಮ್ಮ ಹರ್ಷದ ಟೇಲರ್ ಟೇಪು ಹಿಡಿದ.
ಎಡಗಾಲು ನೂರಾ ಹನ್ನೆರಡು.
ಬಲಗಾಲು ತೊಂಬತ್ತೇಳು.
ಎಡದ್ದರ ನೂರಕ್ಕೆ ತೊಂಬತ್ತಾದರೂ ಆಗಬೇಕು, ಮೇಡಂ ಮಾತು.
ಇನ್ನು ನಾಲ್ಕು ಸೆಂಟಿಮೀಟರ್,
ಒಂದು ಸಣ್ಣ ಸೆಟ್ಲಿಯಷ್ಟು ಉದ್ದ.

"ನೂರಾ ಒಂದು ಅಂತ ಬರೀಲಾ?"
ಪೆನ್ನು ಹಿಡಿದೇ ಕೇಳಿದ, ಪ್ರೀತಿಯಿಂದ.
ಶಿರಸಿಯ ಪಂದ್ಯಕ್ಕೆ ಎಂಟು ದಿನ.
ಜೆರ್ಸಿ ತೊಳೆದು ಇಸ್ತ್ರಿ ಮಾಡಿ ಕಳಿಸಿದ್ದಾರೆ ಹುಡುಗಿಯರು,
ಕಾಲರಿನ ಹರಿದ ಹೊಲಿಗೆಯನ್ನೂ ಹಾಕಿ.

ಅಷ್ಟರಲ್ಲಿ ಅಲೆ ಬಂತು. ಹೆಜ್ಜೆ ಗುರುತಿಗೆ ನೀರು ತುಂಬಿತು,
ಎಡದ್ದಕ್ಕೂ ಬಲದ್ದಕ್ಕೂ ಒಂದೇ ಸಮ.
ಈಗ ಗೊತ್ತಿದ್ದವರು ನಾವಿಬ್ಬರೇ, ಮತ್ತೆ ಮಂಡಿ.

ತೊಂಬತ್ತೇಳು ಅಂತಲೇ ಬರಿ ಅಂದೆ.
ಬರೆದ. ಬಹಳ ಹೊತ್ತು ಮಾತಾಡಲಿಲ್ಲ.
ದಂಡೆಯ ಮೆಟ್ಟಿಲ ಹತ್ತಿರ ಕೈ ಚಾಚಿದ,
ಬೇಡ ಅಂದೆ, ಆಮೇಲೆ ಹಿಡಿದುಕೊಂಡೆ.
ಮೆಟ್ಟಿಲ ಮೇಲೆ ಪಾಚಿಯಿತ್ತು.