ಮೂರನೇ ಗೇರಿನಲ್ಲಿ ಮಾತ್ರ

ಬೀಮುರ್ಜಾ ಮೂರನೆಯ ಸಲ ಬಂದಾಗ ಇಳಿಯಲೇ ಇಲ್ಲ.
ಸ್ಟೀರಿಂಗಿನ ಮೇಲೆ ಗದ್ದ ಊರಿ
"ಈಗ ಚೆನ್ನಾಗಿದೆ" ಅಂದ, ಬೈದ ಹಾಗೆ.

ಜುಗ್ದಿದಿಯ ಈ ಶೆಡ್ಡಿನ ಬಾಗಿಲಿಗೆ ಬಂದೊಡನೆ
ಎಲ್ಲ ಡೆಲಿಕಾಗಳೂ ಚೆನ್ನಾಗೇ ಇರುತ್ತವೆ,
ಹಲ್ಲು ಕೀಳುವವನ ಮೆಟ್ಟಿಲ ಮೇಲೆ
ಹಲ್ಲುನೋವು ಮಾಯವಾದಂತೆ.

ಅವನ ದೂರು ಇಷ್ಟು:
ಅಣೆಕಟ್ಟು ದಾಟಿ ಏರು ಶುರುವಾದ ಮೇಲೆ,
ಹಿಂದೆ ಆರು ಜನ ಪೋಲಿಷರು, ನೆತ್ತಿಯ ಮೇಲೆ ಅವರ ಗಂಟುಮೂಟೆ,
ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ
ಒಮ್ಮೊಮ್ಮೆ, ದಿನಾ ಅಲ್ಲ, ಒಮ್ಮೊಮ್ಮೆ
ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ
ದಮ್ಮು ಬಿಟ್ಟುಬಿಡುತ್ತದೆ.
ಕನ್ನಡಿ ತುಂಬ ಕರಿ ಹೊಗೆ.
ರಸ್ತೆಯ ಹಂದಿ ಕೂಡ ಹಿಂದೆ ಹಾಕಿ ಹೋಗುತ್ತದೆ.
ಎರಡು ತಿರುವು ಕಳೆದರೆ, ಮತ್ತೆ ಕುದುರೆ.

ಕುತಾಯಿಸಿಯವರು ಟರ್ಬೊ ಬದಲಿಸಿದ್ದರು.
ಹಳೆಯದನ್ನು ಚೀಲದಲ್ಲಿ ಕಟ್ಟಿ ಕೊಟ್ಟಿದ್ದರು,
ಆಸ್ಪತ್ರೆಯವರು ಹೆಣ ಒಪ್ಪಿಸುವ ಹಾಗೆ.
ನಾನು ಬಿಚ್ಚಿ ಬೆರಳಿಂದ ಮೀಟಿದೆ.
ಸಲೀಸಾಗಿ ತಿರುಗಿತು. ಅಲುಗಾಟವಿಲ್ಲ, ಉಜ್ಜಿದ ಗುರುತಿಲ್ಲ.
ಉಸಿರಿದ್ದದ್ದನ್ನೇ ಹೂಳಲು ಕೊಟ್ಟಿದ್ದರು.
ಬಾಯಿ ಬಿಡಲಿಲ್ಲ ನಾನು:
ಆ ದುಡ್ಡು ಅವನ ಹೆಂಡತಿಯ ಎರಡು ಹಸು.

ಮೊದಲ ಸಲ ಕೊಳವೆಗಳಿಗೆ ಸೋಪಿನ ನೀರು ಸವರಿದ್ದೆ.
ಒಂದು ಗುಳ್ಳೆ ಏಳಲಿಲ್ಲ.
ಎರಡನೆಯ ಸಲ ಹೊಗೆ ತುಂಬಿಸಿ
ದೀಪ ಹಿಡಿದು ಅರ್ಧ ಗಂಟೆ ಕಾದಿದ್ದೆ.
ಹೊಗೆ ಒಳಗೇ ಕೂತಿತು, ಮುನಿಸಿಕೊಂಡ ಅತ್ತೆಯಂತೆ.

ಈ ಸಲ ಕೇಳಲಿಲ್ಲ, ಪಕ್ಕದಲ್ಲಿ ಹತ್ತಿ ಕೂತೆ.
ಗಾಜಿಗೆ ಟೇಪು ಹಚ್ಚಿ ಗಡಿಯಾರದಂಥ ಮಾಪಕ ಅಂಟಿಸಿದೆ,
ಪೋಲಿಷರ ಬದಲು ಹತ್ತು ಚೀಲ ಸಿಮೆಂಟು.
ಎಂಗುರಿ ಕೆಳಗೆ ಹಸಿರಾಗಿ, ಯಾರ ಗೊಡವೆಯೂ ಇಲ್ಲದೆ.
ಮುಳ್ಳು ಏರಿತು, ನಿಂತಿತು,
ನಾಲ್ಕನೆಯ ತಿರುವಿನಲ್ಲಿ ಜಾರಿತು.
ಅದೇ ಗಳಿಗೆ ನನ್ನ ಸೀಟಿನ ಕೆಳಗಿಂದ
"ಹುಶ್‌"
ಮಲಗಿದ ಮಗುವಿನ ಮೇಲೆ ಯಾರೋ ಬೆರಳಿಟ್ಟು ಹೇಳಿದ ಹಾಗೆ.
"ಕೇಳಿತಾ?" ಅಂದ.
"ಸುಮ್ಮನಿರು, ಓಡಿಸು" ಅಂದೆ.

ವಾಪಸು ಬಂದು ಸೀಟು ಎತ್ತಿದೆ.
ಈ ಗಾಡಿಯಲ್ಲಿ ಎಂಜಿನ್ನಿನ ಮೇಲೇ ಕೂತಿರುತ್ತೇವಲ್ಲ,
ಒಲೆಯ ಮೇಲಿನ ಬೆಕ್ಕು.
ಮತ್ತೆ ಹೊಗೆ. ಮತ್ತೆ ಏನೂ ಇಲ್ಲ.
ಆಗ ಹೊಳೆಯಿತು: ಬೆಟ್ಟ ಇಲ್ಲಿಲ್ಲ.
ನಿಂತ ಎಂಜಿನ್ನು ನೆಟ್ಟಗಿರುತ್ತದೆ,
ಭಾರ ಎಳೆಯುವಾಗ ಮಗ್ಗುಲಾಗುತ್ತದೆ.

ತಂಗಿಯ ಮಗ ಉತುವನ್ನು ಕರೆದೆ.
ಹಳೇ ಬಾಗಿಲ ಚೌಕಟ್ಟಿನ ತುಂಡು ಕೊಟ್ಟು
"ಕೆಳಗೆ ಸಿಕ್ಕಿಸಿ ಮೀಟು, ಬೆಟ್ಟ ನೀನೇ" ಅಂದೆ.
ಹುಡುಗ ಹಲ್ಲು ಕಚ್ಚಿದ.
ಎಂಜಿನ್ನು ಎದ್ದಿತು, ಮೂರು ಬೆರಳು.
ಅಷ್ಟು ಏಳಬಾರದು.
ಕೊಳವೆಯ ಹೊಟ್ಟೆಯಡಿ, ಕಣ್ಣು ಕೈ ಎರಡೂ ಹೋಗದ ಕಡೆ,
ರಬ್ಬರು ತುಟಿ ಬಿಚ್ಚಿತು.
ಒಂದೆಳೆ ಹೊಗೆ ಹೊರಬಂದು
ನನ್ನ ಮುಖ ನೋಡಿತು.
ಉತು ಕೈಬಿಟ್ಟ. ತುಟಿ ಮುಚ್ಚಿತು. ಸಾಧು.

ತಪ್ಪು ಅದರದ್ದೂ ಅಲ್ಲ.
ಎಂಜಿನ್ನು ಹಿಡಿದಿದ್ದ ಬುಡದ ರಬ್ಬರು
ಒಣರೊಟ್ಟಿಯಂತೆ ಪುಡಿಯಾಗಿತ್ತು.
ಪ್ರತಿ ಏರಿನಲ್ಲೂ ಅದು ಕೈಬಿಟ್ಟಾಗ
ಪಾಪದ ಕೊಳವೆ ಹರಿದುಕೊಂಡು ಆತುಕೊಂಡಿತ್ತು.
ಎರಡನ್ನೂ ಬದಲಿಸಿದೆ.
ಕತ್ತಲಾಗುವ ಹೊತ್ತಿಗೆ ಮುಗಿಯಿತು.

ಬಿಲ್ಲು ನೋಡಿ ಬೀಮುರ್ಜಾ ಮತ್ತೊಮ್ಮೆ ಓದಿದ.
ಆಮೇಲೆ ಮೂಲೆಯ ಚೀಲದ ಕಡೆ ನೋಡಿದ.
ಬಹಳ ಹೊತ್ತು ನೋಡಿದ.
"ಇಯಾಮ್ಜೆ, ಅದು ಸತ್ತಿರಲಿಲ್ಲ, ಅಲ್ಲವಾ?"

ನಾನು ಕೈ ಒರೆಸಿಕೊಳ್ಳುತ್ತಿದ್ದೆ,
ಒರೆಸಿದ ಕೈಯನ್ನೇ.
"ಮಾರಿದರೆ ಎಷ್ಟು ಬಂದೀತು?"

"ಒಂದು ಕರು" ಅಂದೆ.