ಕೂಳೆ ಮೂಗು

ಆಲೆಮನೆಯ ಬೋರಲಿಂಗಣ್ಣನಿಗೆ ಜ್ವರ ಬಿಟ್ಟು
ಒಂಬತ್ತು ತಿಂಗಳು. ಮೂಗು ಮಾತ್ರ ಮರಳಿಲ್ಲ.
ಕೊಪ್ಪರಿಗೆಯ ಮೇಲೆ ಬಾಗುತ್ತಾನೆ, ಉಗಿ ಮುಖಕ್ಕೆ ಹೊಡೆಯುತ್ತದೆ:
"ಬಿಸಿ ಅನ್ನೋದು ಗೊತ್ತಾಯ್ತದೆ ಕಣವ್ವ,
ಬೆಲ್ಲ ಅನ್ನೋದು ಗೊತ್ತಾಗಕಿಲ್ಲ."

ಮೂವತ್ತು ವರ್ಷ ಪಾಕ ಇಳಿಸುವ ಗಳಿಗೆಯನ್ನು
ಗಡಿಯಾರ ನೋಡದೆ ಹೇಳಿದವನು.
ಈಗ ಎರಡು ಸಲ ಸೀಯಿತು, ಒಂದು ಸಲ ಅಚ್ಚಿನಲ್ಲಿ ನಿಲ್ಲಲಿಲ್ಲ.
ಸಾಹುಕಾರ ಏನೂ ಅನ್ನಲಿಲ್ಲ. ಅದೇ ಹೆಚ್ಚು ಸುಟ್ಟಿತು.

ನಾನು ಆಶಾ ಕಾರ್ಯಕರ್ತೆ, ಗುಲಾಬಿ ಸೀರೆ, ಹೆಗಲಿಗೆ ಚೀಲ.
ಮಂಡ್ಯದ ಡಾಕ್ಟರಮ್ಮ ಹೇಳಿಕೊಟ್ಟಂತೆ
ನಾಲ್ಕು ಶೀಶೆ ಒಯ್ದೆ: ಲವಂಗ, ನಿಂಬೆ, ನೀಲಗಿರಿ, ಗುಲಾಬಿ.
ಬೆಳಿಗ್ಗೆ ಇಪ್ಪತ್ತು ಎಣಿಸುವಷ್ಟು ಹೊತ್ತು ಮೂಸು, ಸಂಜೆ ಅಷ್ಟೇ.
ಮೂಗಿನ ನರ ಸಾಯುತ್ತದೆ, ಬುಡದಿಂದ ಮತ್ತೆ ಹುಟ್ಟುತ್ತದೆ,
ಮೈಯಲ್ಲಿ ಅಂಥ ಹಟದ ನರಗಳು ಕಡಿಮೆ, ಅಂದೆ.
"ಕಬ್ಬಿನ ಕೂಳೆ ಇದ್ದಂಗೆ," ಅಂದ.
ತಿಂಗಳಿಂದ ನಾನು ಹುಡುಕುತ್ತಿದ್ದ ಮಾತು
ಅವನ ಬಾಯಲ್ಲಿತ್ತು.

ಜ್ವರ ಬಂದೋಗದೆ, ಮತ್ತೆ ಸೂಜಿ ಯಾಕೆ? ಅದನ್ನೂ ಕೇಳಿದ.
ಮೂಳೆಯ ಮಜ್ಜೆಯಲ್ಲಿ ಕೂತ ಕಣಗಳಿಗೆ
ಬಂದವರ ಮುಖ ನೆನಪಿರುತ್ತದೆ ಅಣ್ಣ,
ಬಂದವರು ವೇಷ ಬದಲಿಸುತ್ತಾರೆ, ಅದಕ್ಕೆ.
ಅವನು ಹೊಂಗೆ ಮರದತ್ತ ಗದ್ದ ಎತ್ತಿದ.

ಅಲ್ಲೊಂದು ಕಾಗೆ. ಹೋದ ವರ್ಷ ಅದರ ಗೂಡಿಗೆ
ಕೋಲು ಹಾಕಿದವನು ಗಾಣದ ಹುಡುಗ ಮರಿಮಾದ.
ಟೋಪಿ ಹಾಕಿ ಬಂದರೂ, ಟವೆಲ್ ಸುತ್ತಿ ಬಂದರೂ
ಇವತ್ತಿಗೂ ನೆತ್ತಿಗೇ ಕುಟುಕುತ್ತದೆ.
ಈಗ ಅದರ ಮರಿಯೂ,
ಕೋಲನ್ನೇ ಕಾಣದ ಮರಿ.

ರಕ್ತದೊಳಗೆ ಕಾಗೆಗಳಿವೆ ಎಂದು
ಲಸಿಕೆಯ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟೆ.
ತಪಾಸಣೆಗೆ ಬಂದವರು ಕನ್ನಡಕ ಸರಿಮಾಡಿಕೊಂಡರು.
ಹೊಡೆದುಹಾಕಲಿಲ್ಲ ನಾನು.

ನಾಲ್ಕನೇ ತಿಂಗಳು ಲವಂಗ ಮೂಸಿ ಮುಖ ಕಿವುಚಿದ:
"ಸುಟ್ಟ ಟ್ಯೂಬು!"
ನಾನು ಕುಣಿಯುವುದೊಂದು ಬಾಕಿ.
ತಪ್ಪು ವಾಸನೆಯೂ ವಾಸನೆಯೇ, ಅಡ್ಡಾದಿಡ್ಡಿ ಚಿಗುರು.

ಆ ಸಂಜೆ ಪಾಕ ಉಕ್ಕುತ್ತಿತ್ತು. ನನ್ನನ್ನು ಕರೆದ.
"ನೀನು ಮೂಸವ್ವ. ಏನೈತೋ ಹೇಳು, ಹದ ನಾನು ಹೇಳ್ತೀನಿ."
ಮೂಗಿದ್ದರೂ ಮಾತಿಲ್ಲದವಳು ನಾನು, ತಡವರಿಸಿದೆ:
ಹಸಿ ಹುಲ್ಲು... ಹುಲ್ಲು ಹೋಯ್ತು...
ಹುರಿದ ಕಡಲೆ... ಅಲ್ಲ, ತಡಿ,
ಹಾಲು ಕಾಯಿಸಿದ ಪಾತ್ರೆಯ ತಳ, ಕೆರೆಯೋಕೆ ಮುಂಚೆ...

ಅವನು ಕಣ್ಣು ಮುಚ್ಚಿದ್ದ.
"ಇಳಿಸ್ರೋ," ಅಂದ.